ಲೆಮನ್‌ಪೀಲ್ ಏಂಜೆಲ್ ಅಂತ ಬಂದ ಹಳದಿ ಮೀನು: ಇದು ನಿಜಕ್ಕೂ ಯಾವುದು, ಸಾಕೋದು ಹೇಗೆ?

#1 · ಉಪ್ಪುನೀರು

ಲೆಮನ್‌ಪೀಲ್ ಏಂಜೆಲ್ (ಸಮುದ್ರದ ಏಂಜೆಲ್‌ಫಿಶ್‌ಗಳಲ್ಲಿ ಒಂದು) ಎಂಬ ಹೆಸರಿನಲ್ಲಿ ಬಂದ ಮೀನು. ಮೂತಿಯಿಂದ ಬಾಲದ ತುದಿವರೆಗೆ 6 ಸೆಂ.ಮೀ. ಮೈಯೆಲ್ಲ ಒಂದೇ ಹಳದಿ. ಲೆಮನ್‌ಪೀಲ್‌ಗೆ ಕಣ್ಣಿನ ಸುತ್ತ ನೀಲಿ ಉಂಗುರ ಇರಬೇಕು, ಇದಕ್ಕಿಲ್ಲ. ಬಾಲ ದುಂಡಗಿದೆ.

ಸದ್ಯ ಕ್ವಾರಂಟೈನ್ ಟ್ಯಾಂಕ್‌ನಲ್ಲಿದೆ. ಒಳ ಅಳತೆ 60 × 40, ನೀರಿನ ಎತ್ತರ 35 ಸೆಂ.ಮೀ. ಮರಳಿಲ್ಲ, ಕಲ್ಲಿಲ್ಲ, ಪಿವಿಸಿ ಪೈಪ್ ತುಂಡುಗಳು ಮತ್ತು ಸ್ಪಂಜ್ ಫಿಲ್ಟರ್ ಮಾತ್ರ. ಮುಖ್ಯ ಟ್ಯಾಂಕ್ 90 × 45 × 50 ಸೆಂ.ಮೀ. ಅದರಲ್ಲಿ ಎರಡು ಆಸೆಲ್ಲಾರಿಸ್ ಕ್ಲೌನ್, ಟಾರ್ಚ್ ಮತ್ತು ಹ್ಯಾಮರ್ ಕೋರಲ್, ಒಂದು ಮ್ಯಾಕ್ಸಿಮಾ ಕ್ಲ್ಯಾಮ್ (ಜೀವಂತ ಚಿಪ್ಪುಜೀವಿ).

ಕೇಳಬೇಕಾದ್ದು ಮೂರು. ಇದು ಯಾವ ಮೀನು? ಕ್ಲ್ಯಾಮ್‌ಗೆ ಬಾಯಿ ಹಾಕುತ್ತದೆಯೇ? ಪರಾವಲಂಬಿ ಕೊಲ್ಲಲು ನೀರಿಗೆ ಹಾಕುವ ಕಾಪರ್, ಅಂದರೆ ತಾಮ್ರದ ಔಷಧಿ, ತಡೆದುಕೊಳ್ಳುತ್ತದೆಯೇ?

#2 · ಅಲೆಗಣ್ಣು

ನೀಲಿ ಉಂಗುರ ಇಲ್ಲ ಅಂದ್ರೆ ಹೆರಾಲ್ಡೈ ಏಂಜೆಲ್. ಸೆಂಟ್ರೊಪೈಗಿ ಹೆರಾಲ್ಡೈ. ಲೆಮನ್‌ಪೀಲ್ ಜೊತೆ ಅದಲುಬದಲಾಗೋದು ಮಾಮೂಲು. 10–12 ಸೆಂ.ಮೀ. ಮೇಲೆ ಹೋಗಲ್ಲ, ನಿಮ್ಮ ಟ್ಯಾಂಕ್ ಸಾಕು. ಕ್ಲ್ಯಾಮ್ ಮಾತ್ರ ಹುಷಾರು.

#3 · ಕಿವಿರು

ಅಷ್ಟು ಬೇಗ ತೀರ್ಮಾನ ಬೇಡ. ಬೆಳ್ಳಗಿರೋದೆಲ್ಲ ಹಾಲಲ್ಲ, ಹಳದಿ ಇರೋದೆಲ್ಲ ಏಂಜೆಲ್ಲೂ ಅಲ್ಲ.

ಉಪ್ಪುನೀರು ಅವರೇ, ನೀವು ಹಾಕಿರುವ ಫೋಟೋ ನೀಲಿ ಲೈಟಿನದು. ಆ ಬೆಳಕಲ್ಲಿ ಹಳದಿ ಹಸಿರಾಗುತ್ತದೆ, ತೆಳು ನೀಲಿ ಗೆರೆ ಇದ್ದರೂ ಅಳಿಸಿಹೋಗುತ್ತದೆ. ಆ ಫೋಟೋದಿಂದ ಯಾರೂ ಏನೂ ಹೇಳಲಾಗದು. ಹೀಗೆ ಮಾಡಿ:

ನೀಲಿ ಚಾನೆಲ್ ಪೂರ್ತಿ ಆರಿಸಿ, ಬಿಳಿ ಲೈಟ್ ಮಾತ್ರ ಇರಲಿ. ಮೀನು ಹೊಸ ಬೆಳಕಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬಿಡಿ. ಗಾಜಿಗೆ ಒಂದು ತುಂಡು ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ಅಂಟಿಸಿ, ಮೀನು ತಾನಾಗಿ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಫೋನನ್ನು ಗಾಜಿಗೆ ನೇರವಾಗಿ ಹಿಡಿಯಿರಿ, ಓರೆಯಾದರೆ ಮೈ ಗಿಡ್ಡವಾಗಿ ಕಾಣುತ್ತದೆ. ವಿಡಿಯೋ ತೆಗೆದು ಅದರಿಂದ ಫ್ರೇಮ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು, ಬೆನ್ನಿನ ರೆಕ್ಕೆ ಪೂರ್ತಿ ಬಿಚ್ಚುವುದು ಅರೆಕ್ಷಣ ಮಾತ್ರ.

ಬೇಕಿರುವುದು ನಾಲ್ಕು ಜಾಗ: ಕೆನ್ನೆಯ ಕೆಳಮೂಲೆ, ಬಾಲದ ಬುಡ, ಬಾಯಿ, ಬಿಚ್ಚಿದ ಬೆನ್ನಿನ ರೆಕ್ಕೆ. ಬಣ್ಣದ ಮಾತು ಆಮೇಲೆ.

#4 · ನೋರಿಕ್ಲಿಪ್

ಯೆಲ್ಲೋ ಟ್ಯಾಂಗ್ ಮರಿ ಇರಬಹುದಲ್ವಾ? ಅದೂ ಮೈಯೆಲ್ಲ ಹಳದಿ.

#5 · ಕಿವಿರು

ಯೆಲ್ಲೋ ಟ್ಯಾಂಗ್ ಅಂದರೆ ಜೀಬ್ರಾಸೋಮಾ ಫ್ಲಾವೆಸೆನ್ಸ್. ಅದರ ಮೂತಿ ಕೊಕ್ಕಿನಂತೆ ಮುಂದಕ್ಕೆ ಚಾಚಿರುತ್ತದೆ, ಬೆನ್ನಿನ ರೆಕ್ಕೆ ಹಾಯಿಯ ಹಾಗೆ ಎತ್ತರ, ಬಾಲದ ಬುಡದ ಮುಳ್ಳು ಬಿಳಿ. ಮರಿಯಲ್ಲಂತೂ ರೆಕ್ಕೆ ಬಿಚ್ಚಿದರೆ ಮೈಯ ಉದ್ದಕ್ಕಿಂತ ಎತ್ತರವೇ ಹೆಚ್ಚೇನೋ ಅನಿಸುತ್ತದೆ. ಅದನ್ನು ಯಾರೂ ಏಂಜೆಲ್ ಎಂದು ಮಾರುವುದಿಲ್ಲ. ಅನುಮಾನ ಇರುವುದು ಇನ್ನೊಂದರ ಮೇಲೆ. ಫೋಟೋ ಬರಲಿ.

#6 · ಉಪ್ಪುನೀರು

ಬಿಳಿ ಲೈಟಲ್ಲಿ ತೆಗೆದ ವಿಡಿಯೋದ ಐದು ಫ್ರೇಮ್ ಹಾಕಿದ್ದೇನೆ. ಕಂಡದ್ದು ಇಷ್ಟು:

ಕೆನ್ನೆಯ ಕೆಳಮೂಲೆ ನುಣ್ಣಗಿದೆ, ಮುಳ್ಳಿಲ್ಲ. ಬಾಲದ ಬುಡದಲ್ಲಿ ಎರಡೂ ಕಡೆ ಮೈಯ ಉದ್ದದ ದಿಕ್ಕಿಗೆ ಒಂದು ಸಣ್ಣ ಗೀಟು, ಉಗುರಿನಿಂದ ಗೀರಿದ ಹಾಗೆ. ಬಾಯಿ ಚಿಕ್ಕದು, ಮುಂದಕ್ಕೆ ಚಾಚಿಲ್ಲ. ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಗಟ್ಟಿ ಮುಳ್ಳು ಎಣಿಸಿದರೆ ಒಂದು ಫ್ರೇಮಿನಲ್ಲಿ 7, ಇನ್ನೊಂದರಲ್ಲಿ 8. ಹುರುಪೆ ಕಾಣುತ್ತಿಲ್ಲ, ಮೈ ತೊಗಲಿನಂತಿದೆ.

#7 · ಕಿವಿರು

ಗೀಟು ಅಂದಿರಲ್ಲ, ಅಲ್ಲಿಗೆ ಮುಗಿಯಿತು. ಇದು ಏಂಜೆಲ್ ಅಲ್ಲವೇ ಅಲ್ಲ, ಸರ್ಜನ್‌ಫಿಶ್, ಅಂದರೆ ಟ್ಯಾಂಗ್. ಆ ಗೀಟು ಮಡಚಿಟ್ಟ ಚಾಕುವಿನ ಒರೆ. ಬಾಲದ ಬುಡದ ಎರಡೂ ಬದಿಗೆ ಒಂದೊಂದು ಮುಳ್ಳು ಆ ಸೀಳಿನೊಳಗೆ ಮಲಗಿರುತ್ತದೆ. ಮೀನು ಬಾಲ ಬಾಗಿಸಿದಾಗ ಹೊರಗೆ ಚಾಚುತ್ತದೆ. ಟ್ಯಾಂಗ್‌ಗಳ ಗುರುತೇ ಅದು, ಅಕಾಂತೂರಸ್ ಅವುಗಳಲ್ಲಿ ಒಂದು ಕುಲ. ಏಂಜೆಲ್‌ಗಳಲ್ಲಿ ಇದಕ್ಕೆ ತದ್ವಿರುದ್ಧ: ಬಾಲದ ಬುಡ ಖಾಲಿ, ಕೆನ್ನೆಯ ಕೆಳಮೂಲೆಯಿಂದ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳು. ಲೆಮನ್‌ಪೀಲ್‌ನಲ್ಲಿ ಆ ಮುಳ್ಳೇ ನೀಲಿ. ಮುಳ್ಳು ಕೆನ್ನೆಯಲ್ಲಿದ್ದರೆ ಏಂಜೆಲ್, ಬಾಲದ ಬುಡದಲ್ಲಿದ್ದರೆ ಟ್ಯಾಂಗ್. ಬಣ್ಣ ಏನೇ ಹೇಳಲಿ, ಇದು ಸುಳ್ಳು ಹೇಳುವುದಿಲ್ಲ.

ಎಣಿಕೆಯೂ ಅದನ್ನೇ ಹೇಳುತ್ತಿದೆ. ಸೆಂಟ್ರೊಪೈಗಿಗಳ, ಅಂದರೆ ಲೆಮನ್‌ಪೀಲ್, ಹೆರಾಲ್ಡೈಯಂಥ ಕುಳ್ಳ ಏಂಜೆಲ್‌ಗಳ, ಬೆನ್ನಿನ ರೆಕ್ಕೆಯಲ್ಲಿ 13ರಿಂದ 15 ಗಟ್ಟಿ ಮುಳ್ಳು. ನಿಮಗೆ ಸಿಕ್ಕಿದ್ದು 7–8. ಎಣಿಸುವಾಗ ಒಂದೆರಡು ತಪ್ಪಿದರೂ 8ಕ್ಕೂ 14ಕ್ಕೂ ಗೊಂದಲವಾಗದು.

ಇನ್ನು ಯಾವ ಟ್ಯಾಂಗ್ ಅನ್ನುವುದು. ಮರಿಯಾಗಿದ್ದಾಗ ಪೂರ್ತಿ ಹಳದಿ ಇರುವ ಅಕಾಂತೂರಸ್‌ಗಳು ಮುಖ್ಯವಾಗಿ ಮೂರು:

ಅಕಾಂತೂರಸ್ ಪೈರೊಫೆರಸ್, ಅಂದರೆ ಮಿಮಿಕ್ ಟ್ಯಾಂಗ್ ಅಥವಾ ಚಾಕೊಲೇಟ್ ಟ್ಯಾಂಗ್. ಬೆನ್ನಿನ ಮುಳ್ಳು 8, ಮರಿಯ ಬಾಲ ದುಂಡಗೆ.

ಅಕಾಂತೂರಸ್ ಒಲಿವೇಸಿಯಸ್, ಆರೆಂಜ್ ಶೋಲ್ಡರ್. ಬೆನ್ನಿನ ಮುಳ್ಳು 9. ದೊಡ್ಡದಾದರೆ ಭುಜದ ಮೇಲೆ ಕಿತ್ತಳೆ ಪಟ್ಟೆ, 35 ಸೆಂ.ಮೀ. ತನಕ ಬೆಳೆಯುತ್ತದೆ.

ಅಕಾಂತೂರಸ್ ಸೆರೂಲಿಯಸ್, ಅಟ್ಲಾಂಟಿಕ್ ಬ್ಲೂ ಟ್ಯಾಂಗ್. ಇದಕ್ಕೂ 9. ಮರಿಯ ಕಣ್ಣಿನ ಅಂಚಿಗೂ ಬೆನ್ನಿನ ರೆಕ್ಕೆಯ ಅಂಚಿಗೂ ನೀಲಿ. ಸಿಗುವುದು ಮುಖ್ಯವಾಗಿ ಪಶ್ಚಿಮ ಅಟ್ಲಾಂಟಿಕ್‌ನಲ್ಲಿ.

ಮೊದಲ ಮುಳ್ಳು ಬಹಳ ಚಿಕ್ಕದು, ಚರ್ಮದಲ್ಲಿ ಹುದುಗಿರುತ್ತದೆ. ಹಾಗಾಗಿ ಫೋಟೋದಲ್ಲಿ 8ಕ್ಕೂ 9ಕ್ಕೂ ವ್ಯತ್ಯಾಸ ಹಿಡಿಯುವುದನ್ನು ನಾನು ನಂಬುವುದಿಲ್ಲ. ಬಾಲ ನೋಡಿ. ನಿಮ್ಮ ಮೂರನೇ ಫ್ರೇಮಿನಲ್ಲಿ ಬಾಲ ಪೂರ್ತಿ ಬಿಚ್ಚಿದೆ, ಅಂಚು ಬೀಸಣಿಗೆಯ ಹಾಗೆ ಹೊರಕ್ಕೆ ಬಾಗಿದೆ. ಟ್ಯಾಂಗ್‌ಗಳಲ್ಲಿ ಇಂಥ ದುಂಡು ಬಾಲ ಅಪರೂಪ. ಪೈರೊಫೆರಸ್ ಮರಿಗೆ ಅದು ಏಂಜೆಲ್‌ನ ವೇಷದ ಒಂದು ಭಾಗ. ನನ್ನ ತೀರ್ಪು ಪೈರೊಫೆರಸ್.

#8 · ಅಲೆಗಣ್ಣು

ಹೆರಾಲ್ಡೈ ಅಂದಿದ್ದು ವಾಪಸ್. ಬಾಲದ ಬುಡ ನೋಡಲೇ ಇಲ್ಲ ನಾನು.

ಆದರೆ ಇಷ್ಟು ತದ್ರೂಪು ಯಾಕಿರಬೇಕು ಅನ್ನೋದು ಸೋಜಿಗ.

#9 · ಕಿವಿರು

ಇಂಡೋ-ಪೆಸಿಫಿಕ್‌ನಲ್ಲಿ ಜಾಗಕ್ಕೊಂದು ವೇಷ. ಲೆಮನ್‌ಪೀಲ್ ಇರುವ ಕಡೆ ಪೈರೊಫೆರಸ್ ಮರಿ ಹಳದಿ. ಪರ್ಲ್‌ಸ್ಕೇಲ್ ಏಂಜೆಲ್, ಅಂದರೆ ಸೆಂಟ್ರೊಪೈಗಿ ವ್ರೋಲಿಕೈ ಇರುವ ಕಡೆ ಮುಂಭಾಗ ಬೂದು, ಹಿಂಭಾಗ ಕಪ್ಪು. ಹಿಂದೂ ಮಹಾಸಾಗರದಲ್ಲಿ ಇದರ ದಾಯಾದಿ ಅಕಾಂತೂರಸ್ ಟ್ರಿಸ್ಟಿಸ್, ಅದರ ಮರಿ ಐಬ್ಲೈ ಏಂಜೆಲ್‌ನ ವೇಷ ಹಾಕುತ್ತದೆ. ಕುಳ್ಳ ಏಂಜೆಲ್‌ಗಳು ಕ್ಷಣದಲ್ಲಿ ಸಂದಿ ಸೇರುತ್ತವೆ, ಕೆನ್ನೆಯಲ್ಲಿ ಮುಳ್ಳೂ ಇದೆ, ಹಾಗಾಗಿ ಬೇಟೆಗಾರ ಮೀನುಗಳು ಅವುಗಳ ತಂಟೆಗೆ ಹೋಗುವುದು ಕಡಿಮೆ ಎಂಬುದು ಒಂದು ವಿವರಣೆ. ತಮ್ಮ ಪಾಚಿಯ ಜಾಗ ಕಾಯುವ ಡ್ಯಾಮ್ಸೆಲ್ ಮೀನುಗಳು ಏಂಜೆಲ್ ಅಂದುಕೊಂಡು ಹತ್ತಿರ ಬಿಟ್ಟುಕೊಳ್ಳುತ್ತವೆ ಎಂಬುದು ಇನ್ನೊಂದು.

ದೊಡ್ಡದಾದ ಮೇಲೆ ಈ ಮೀನನ್ನು ನೋಡಿದರೆ ಅದೇ ಅಂತ ನಂಬಲಾಗದು. ಮೈ ಕಂದು, ಕಿವಿರಿನ ಹಿಂದೆ ಬಾಗಿದ ಕಪ್ಪು ಪಟ್ಟೆ, ಎದೆರೆಕ್ಕೆಯ ಮೇಲೆ ಕಿತ್ತಳೆ ಮಚ್ಚೆ, ಅರ್ಧಚಂದ್ರದ ಬಾಲ, ಅದಕ್ಕೆ ಹಳದಿ ಅಂಚು. ಹಳದಿ ಇಷ್ಟವಾಗಿ ತಂದವರಿಗೆ ಇದು ಮೊದಲೇ ಗೊತ್ತಿರಬೇಕು.

#10 · ನೋರಿಕ್ಲಿಪ್

ಅಂದ್ರೆ ಅಂಗಡಿಯವರು ಮೋಸ ಮಾಡಿದ್ರಾ?

#11 · ಅಲೆಗಣ್ಣು

ಇಲ್ಲ ಗುರು. ಪಟ್ಟಿಯಲ್ಲಿ ಒಂದು ಹೆಸರು ಬರೆದಿರುತ್ತೆ, ಕವರ್ ಮೇಲೆ ಅದೇ ಹೆಸರು ಇಳಿಯುತ್ತೆ. ಸಮುದ್ರದಲ್ಲಿರೋ ಮೀನುಗಳೇ ಮೋಸ ಹೋಗ್ತವೆ, ನಾವೆಷ್ಟರವರು. ಕೊಳ್ಳೋ ಮೊದಲು ಬಾಲದ ಬುಡದ ಫೋಟೋ ಕೇಳಿ, ಅಷ್ಟೇ.

#12 · ಸಂಪ್‌ಮೇಷ್ಟ್ರು

ಹೆಸರು ಗೊತ್ತಾಯಿತಲ್ಲ, ಈಗ ಲೆಕ್ಕ ಬದಲಾಗುತ್ತದೆ. ಉಪ್ಪುನೀರು ಅವರ ಮೂರು ಪ್ರಶ್ನೆಗೂ ಉತ್ತರ ತಿರುವುಮುರುವು.

ಕ್ಲ್ಯಾಮ್: ಲೆಮನ್‌ಪೀಲ್ ಆಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಕುಳ್ಳ ಏಂಜೆಲ್‌ಗಳಲ್ಲಿ ಕ್ಲ್ಯಾಮ್‌ನ ಅಂಚು, ಟಾರ್ಚ್-ಹ್ಯಾಮರ್‌ಗಳ ತಿರುಳು ಕೀಳುವುದರಲ್ಲಿ ಅದು ಮುಂದು. ಪೈರೊಫೆರಸ್ ಪಾಚಿ ಮೇಯುವ ಮೀನು, ಹವಳಕ್ಕೆ ಬಾಯಿ ಹಾಕುವ ಚಾಳಿ ಇಲ್ಲ. ಹಸಿದ ಟ್ಯಾಂಗ್ ಮಾತ್ರ ಏನನ್ನು ಬೇಕಾದರೂ ಕುಟುಕಿ ನೋಡುತ್ತದೆ, ಹಾಗಾಗಿ ಹೊಟ್ಟೆ ತುಂಬಿಸಿಡಿ.

ಕಾಪರ್: ಕುಳ್ಳ ಏಂಜೆಲ್‌ಗಳಿಗೆ ಕಾಪರ್ ಕಷ್ಟ, ಊಟ ಬಿಡುತ್ತವೆ. ಟ್ಯಾಂಗ್‌ಗಳು ತಡೆದುಕೊಳ್ಳುತ್ತವೆ. ಮೇಲಾಗಿ ಅಕಾಂತೂರಸ್‌ಗಳಿಗೆ ಬಿಳಿಚುಕ್ಕೆ, ಅಂದರೆ ಕ್ರಿಪ್ಟೊಕ್ಯಾರಿಯಾನ್, ತಗಲಿಕೊಳ್ಳುವುದು ಬೇಗ. ಆದ್ದರಿಂದ ಚುಕ್ಕೆ ಕಾಣುವ ತನಕ ಕಾಯದೆ ಮೊದಲೇ ಚಿಕಿತ್ಸೆ ಕೊಡುವುದು ನನ್ನ ಸಲಹೆ.

ಟ್ಯಾಂಕ್: ಇಲ್ಲಿದೆ ಪೆಟ್ಟು. ನಿಮ್ಮದು 90 × 45 × 50, ಅಂದರೆ ಸುಮಾರು 202 ಲೀಟರ್. ಲೆಮನ್‌ಪೀಲ್ ಬೆಳೆಯುವುದು ಹೆಚ್ಚೆಂದರೆ 14 ಸೆಂ.ಮೀ., ಅದೂ ಬಂಡೆಯ ಸಂದಿಗಳಲ್ಲಿ ಕಾಲ ಕಳೆಯುವ ಮೀನು. ಪೈರೊಫೆರಸ್ 25 ಸೆಂ.ಮೀ. ದಾಟಬಲ್ಲದು, ದಿನವಿಡೀ ಈಜುತ್ತದೆ. 25 ಸೆಂ.ಮೀ. ಮೀನಿಗೆ 90 ಸೆಂ.ಮೀ. ಗಾಜು ಅಂದರೆ ಮೂರೂವರೆ ಮೈಯುದ್ದ, ತಿರುಗಿದರೆ ಗೋಡೆ. 180 × 60 × 60, ಅಂದರೆ 648 ಲೀಟರ್ ಇದ್ದರೆ ಮಾತ್ರ ಕಡೆತನಕ ಇಟ್ಟುಕೊಳ್ಳಿ. ಲೀಟರ್‌ಗಿಂತ ಉದ್ದ ಮುಖ್ಯ. ಎತ್ತರದ ಟ್ಯಾಂಕ್‌ನಲ್ಲಿ ಲೀಟರ್ ಸಿಗುತ್ತದೆ, ಓಟ ಸಿಗುವುದಿಲ್ಲ.

#13 · ನೋರಿಕ್ಲಿಪ್

6 ಸೆಂ.ಮೀ. ಮರಿ ಅಲ್ವಾ ಮೇಷ್ಟ್ರೇ, 202 ಲೀಟರಲ್ಲಿ ಸ್ವಲ್ಪ ಕಾಲ ಇಟ್ಟು ಆಮೇಲೆ ದೊಡ್ಡದಕ್ಕೆ ಹಾಕಬಹುದು. 10 ಸೆಂ.ಮೀ. ಆಗೋ ತನಕ ತೊಂದರೆ ಇಲ್ಲ ಅನ್ನೋದು ನನ್ನ ಲೆಕ್ಕ.

#14 · ಸಂಪ್‌ಮೇಷ್ಟ್ರು

ದೊಡ್ಡ ಟ್ಯಾಂಕ್ ಈಗಾಗಲೇ ಸ್ಟ್ಯಾಂಡ್ ಮೇಲೆ ಕೂತಿದ್ದರೆ ಸರಿ. "ಮುಂದೆ ತರೋಣ" ಅನ್ನುವ ಟ್ಯಾಂಕ್ ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯ: ಹಳದಿ ಮರಿಯನ್ನು ಕೇಳುವವರು ಬೇಕಾದಷ್ಟು ಜನ, ಕಂದು ಬಣ್ಣಕ್ಕೆ ತಿರುಗಿದ ದೊಡ್ಡ ಟ್ಯಾಂಗ್ ಬೇಕು ಅನ್ನುವವರು ಕಡಿಮೆ. ಹಿಡಿಯುವ ಕಷ್ಟ ಬೇರೆ. ಬಂಡೆ ಜೋಡಿಸಿದ ಟ್ಯಾಂಕಿಗೆ ಒಮ್ಮೆ ಇಳಿಸಿದರೆ, ವಾಪಸ್ ಹಿಡಿಯಲು ಬಂಡೆಯನ್ನೆಲ್ಲ ಕೀಳಬೇಕಾಗುತ್ತದೆ. ಕೊಡುವುದಾದರೆ ಕ್ವಾರಂಟೈನ್ ಮುಗಿದ ಕೂಡಲೇ, ಅಲ್ಲಿಂದಲೇ ಕೊಡಿ.

#15 · ಉಪ್ಪುನೀರು

180 ಸೆಂ.ಮೀ. ಟ್ಯಾಂಕ್ ಇಲ್ಲಿ ಬರುವುದಿಲ್ಲ. ಕ್ವಾರಂಟೈನ್ ಮುಗಿಸಿ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡುವುದು ಅಂತ ತೀರ್ಮಾನ. ಅಲ್ಲಿಯವರೆಗೆ ಚೆನ್ನಾಗಿ ನೋಡಿಕೊಳ್ಳಬೇಕು. ಕೀಲೇಟೆಡ್ ಕಾಪರ್ (ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ) ಇದೆ, ಎಷ್ಟು ಹಾಕಲಿ? ಬಾಟಲಿ ಮೇಲೆ ಟ್ಯಾಂಕ್ ಗಾತ್ರಕ್ಕೆ ಇಷ್ಟು ಮಿ.ಲೀ. ಅಂತ ಇದೆ.

#16 · ಸಂಪ್‌ಮೇಷ್ಟ್ರು

ಟ್ಯಾಂಕ್ ಗಾತ್ರಕ್ಕಲ್ಲ, ನೀರಿನ ಗಾತ್ರಕ್ಕೆ ಹಾಕಿ. 60 × 40 × 35 = 84,000 ಘನ ಸೆಂ.ಮೀ., ಅಂದರೆ 84 ಲೀಟರ್. ಗಾಜಿನ ಮೇಲಂಚಿನ ತನಕ ಅಳೆದರೆ ಇನ್ನೂ ಹತ್ತಿಪ್ಪತ್ತು ಲೀಟರ್ ಸುಳ್ಳು ಸೇರಿಕೊಳ್ಳುತ್ತದೆ, ಕಾಪರ್ ಅಷ್ಟು ಜಾಸ್ತಿಯಾಗುತ್ತದೆ.

ಕೀಲೇಟೆಡ್ ಕಾಪರ್‌ಗೆ ಗುರಿ ಲೀಟರ್‌ಗೆ 2.25ರಿಂದ 2.5 ಮಿ.ಗ್ರಾಂ. 84 × 2.25 = 189 ಮಿ.ಗ್ರಾಂ ಕಾಪರ್ ಬೇಕು. ಒಮ್ಮೆಲೇ ಸುರಿಯಬೇಡಿ. ನಾಲ್ಕು ಪಾಲು ಮಾಡಿ, ಒಂದೊಂದು ಸುಮಾರು 47 ಮಿ.ಗ್ರಾಂ, ಬೆಳಿಗ್ಗೆ ಒಂದು ಸಂಜೆ ಒಂದು, ಎರಡು ದಿನ. ಪ್ರತಿ ಪಾಲಿಗೂ ರೀಡಿಂಗ್ ಸುಮಾರು 0.56 ಏರಬೇಕು. ಬಾಟಲಿಯ ಒಂದು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ ಕಾಪರ್ ಇದೆ ನೋಡಿ ಮಿ.ಲೀ.ಗೆ ತಿರುಗಿಸಿಕೊಳ್ಳಿ.

ಮೀನು ಊಟ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಒಂದು ದಿನ ಬಿಟ್ಟು ಮುಂದುವರಿಸಿ. ಗುರಿ ಮುಟ್ಟಿದ ದಿನದಿಂದ ಎಣಿಸಿ 30 ದಿನ. ನಡುವೆ ಒಂದು ದಿನ ಮಟ್ಟ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಕಾಪರ್ ಕೊಲ್ಲುವುದು ನೀರಿನಲ್ಲಿ ಈಜಾಡುವ ಹಂತದ ಪರಾವಲಂಬಿಯನ್ನು ಮಾತ್ರ. ಮೀನಿನ ಚರ್ಮದೊಳಗೆ ಹೊಕ್ಕಿರುವುದಕ್ಕೂ ತಳದಲ್ಲಿ ಕೋಶ ಕಟ್ಟಿ ಕೂತಿರುವುದಕ್ಕೂ ಅದು ತಾಗದು. ಅವು ಒಂದೊಂದಾಗಿ ಹೊರಗೆ ಬರುವ ತನಕ ನೀರಲ್ಲಿ ಕಾಪರ್ ಕಾದಿರಬೇಕು.

ಎಲ್ಲರೂ ಎಡವುವ ಜಾಗಗಳು:

ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ಆರ್‌ಒ ನೀರು ಹಾಕಿ, ಕಾಪರ್ ಬೇಡ. ಕಾಪರ್ ಆವಿಯಾಗುವುದಿಲ್ಲ. ನೀರು ಬದಲಿಸಿದಾಗ ಮಾತ್ರ ಹೊಸ ಉಪ್ಪುನೀರಿಗೆ ಬಕೆಟ್ಟಿನಲ್ಲೇ ಕಾಪರ್ ಬೆರೆಸಿ. 25 ಲೀಟರ್‌ಗೆ 56 ಮಿ.ಗ್ರಾಂ.

ಅಯಾನಿಕ್ ಕಾಪರ್‌ನ, ಅಂದರೆ ಹಾಗೆ ಕಟ್ಟಿಹಾಕದ ತಾಮ್ರದ, ಗುರಿ ಬೇರೆ, ಲೀಟರ್‌ಗೆ 0.5 ಮಿ.ಗ್ರಾಂ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಿಡಿದರೆ ಅಯಾನಿಕ್‌ನಲ್ಲಿ ಮೀನು ಸಾಯುತ್ತದೆ, ಕೀಲೇಟೆಡ್‌ನಲ್ಲಿ ರೋಗ ಸಾಯುವುದಿಲ್ಲ. ಟೆಸ್ಟ್ ಕಿಟ್ ನಿಮ್ಮ ಕಾಪರ್‌ಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಬಣ್ಣ ಹೋಲಿಸುವ ಕಿಟ್‌ಗಿಂತ ಡಿಜಿಟಲ್ ಚೆಕ್ಕರ್ ವಾಸಿ.

ಅಮೋನಿಯಾ ಕಟ್ಟಿಹಾಕುವ ದ್ರಾವಣವನ್ನು ಕಾಪರ್ ಜೊತೆ ಬಳಸಲೇಬೇಡಿ. ಅವುಗಳಲ್ಲಿ ಹಲವು ಕಾಪರ್‌ನ ರೂಪ ಬದಲಿಸಿ ಇನ್ನಷ್ಟು ವಿಷ ಮಾಡುತ್ತವೆ. ಅಮೋನಿಯಾ 0.25 ಮುಟ್ಟಿದರೆ ನೀರು ಬದಲಿಸಿ, ಬೇರೆ ಅಡ್ಡದಾರಿ ಇಲ್ಲ.

ಬಂಡೆ, ಮರಳು ಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಕಾಪರ್ ಹೀರಿಕೊಳ್ಳುತ್ತದೆ, ರೀಡಿಂಗ್ ನಿಲ್ಲುವುದೇ ಇಲ್ಲ. ಆ ಟ್ಯಾಂಕಿನ ಬಕೆಟ್, ಮಗ್ಗು, ಪೈಪು, ಬಲೆ ಎಲ್ಲಕ್ಕೂ ಕೆಂಪು ಟೇಪ್ ಸುತ್ತಿಡಿ, ಕ್ಲ್ಯಾಮ್ ಇರುವ ಟ್ಯಾಂಕ್ ಹತ್ತಿರ ಸುಳಿಯಬಾರದು.

#17 · ಅಲೆಗಣ್ಣು

ಕಾಪರ್ ಬದಲು ಟ್ಯಾಂಕ್ ಟ್ರಾನ್ಸ್‌ಫರ್ ಮಾಡಬಹುದಲ್ಲ? 72 ಗಂಟೆಗೊಮ್ಮೆ ಒಣಗಿಸಿದ ಬೇರೆ ಟ್ಯಾಂಕಿಗೆ.

#18 · ಕಿವಿರು

ಬಿಳಿಚುಕ್ಕೆಗೆ ಕೆಲಸ ಮಾಡುತ್ತದೆ. ವೆಲ್ವೆಟ್‌ಗೆ, ಅಂದರೆ ಅಮೈಲೂಡಿನಿಯಂಗೆ, ಮಾಡದು. ಚಿನ್ನದ ಧೂಳು ಉದುರಿಸಿದಂತೆ ಕಂಡು, ಉಸಿರಾಟ ಜೋರಾಗಿ, ಮೀನು ಪಂಪಿನ ಹೊಡೆತಕ್ಕೆ ಮೂತಿ ಕೊಟ್ಟು ನಿಂತರೆ ಅದು ವೆಲ್ವೆಟ್. ಅದು ದಿನಗಳಲ್ಲಿ ಮುಗಿಸುತ್ತದೆ. ಟ್ಯಾಂಗ್ ವಿಷಯದಲ್ಲಿ ನನ್ನ ಮತ ಕಾಪರ್‌ಗೇ.

ಕಾಪರ್ ಮುಗಿದ ಮೇಲೆ ಹುಳುವಿಗೆ ಪ್ರಾಜಿಕ್ವಾಂಟೆಲ್, ಲೀಟರ್‌ಗೆ 2.5 ಮಿ.ಗ್ರಾಂ. ನಿಮ್ಮ 84 ಲೀಟರ್‌ಗೆ 210 ಮಿ.ಗ್ರಾಂ. ಒಂದು ವಾರದ ನಂತರ ಇನ್ನೊಮ್ಮೆ, ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಇದು ನೀರಲ್ಲಿ ಸುಲಭಕ್ಕೆ ಕರಗದು, ಸಣ್ಣ ಬಾಟಲಿಯಲ್ಲಿ ಟ್ಯಾಂಕಿನ ನೀರಿನ ಜೊತೆ ಚೆನ್ನಾಗಿ ಕುಲುಕಿ ಹಾಕಿ. ಔಷಧಿಯನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಇಳಿಯಬಹುದು, ಏರ್‌ಸ್ಟೋನ್ ಜೋರಾಗಿರಲಿ.

#19 · ಉಪ್ಪುನೀರು

ರೀಡಿಂಗ್: ಕಾಪರ್ 2.28, ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಪಾಲು), 25 ಡಿಗ್ರಿ, ಪಿಎಚ್ 8.1, ಅಮೋನಿಯಾ 0.

ಆದರೆ ಮೀನು ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಎರಡು ಮೂರು ಮಾತ್ರ ತಿಂದು ನಿಲ್ಲಿಸುತ್ತಿದೆ. ನೋರಿ ಕ್ಲಿಪ್ ಹತ್ತಿರವೂ ಬರುತ್ತಿಲ್ಲ.

#20 · ನೋರಿಕ್ಲಿಪ್

ಇದು ನನ್ನ ಇಲಾಖೆ.

ಕ್ಲಿಪ್ಪಿಗೆ ಹೆದರೋದು ಸಹಜ ಸರ್. ಮರಿ ಪೈರೊಫೆರಸ್‌ಗೆ ಆಹಾರ ಅಂದ್ರೆ ನೆಲಕ್ಕೆ ಅಂಟಿಕೊಂಡ ಪಾಚಿ, ಮೇಲಿಂದ ತೂಗೋ ಹಾಳೆ ಅಲ್ಲ. ಪಿವಿಸಿ ಪೈಪಿನ ತುಂಡಿಗೆ ನೋರಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಬಿಗಿಸಿ ತಳದಲ್ಲಿಡಿ. ನೋರಿ ಉಪ್ಪು, ಎಣ್ಣೆ, ಮಸಾಲೆ ಏನೂ ಸೇರಿಸದ್ದಿರಬೇಕು. ಬೆಂಕಿಪೊಟ್ಟಣದಷ್ಟು ತುಂಡು ಸಾಕು. ಮೊದಲು ಒಂದು ನಿಮಿಷ ನೀರಲ್ಲಿ ನೆನೆಸಿ, ಒಣ ಹಾಳೆ ತೇಲಿಬಿಡುತ್ತೆ. ಇಟ್ಟು ದೂರ ಹೋಗಿ, ಗಾಜಿನ ಮುಂದೆ ನಿಂತು ಕಾಯಬೇಡಿ. ಮೂರ್ನಾಲ್ಕು ಗಂಟೆ ಆದ್ಮೇಲೆ ಉಳಿದದ್ದು ತೆಗೀರಿ, ಇಲ್ಲಾಂದ್ರೆ ಕರಗಿ ಅಮೋನಿಯಾ ಆಗುತ್ತೆ.

ತಿಂದಿದೆಯಾ ಅಂತ ಗೊತ್ತಾಗೋಕೆ ಹಾಳೆಯ ಅಂಚು ನೋಡಿ. ಟ್ಯಾಂಗ್‌ಗೆ ಒಂದೇ ಸಾಲಿನ ಚಪ್ಪಟೆ ಹಲ್ಲು, ಅಂಚು ಗರಗಸದ ಥರ. ಕಚ್ಚಿದ ಕಡೆ ಸಣ್ಣ ಸಣ್ಣ ಅರ್ಧಚಂದ್ರ ಕಾಣುತ್ತೆ. ತಾನಾಗಿ ಕರಗಿದ್ದಾದ್ರೆ ಅಂಚು ನಾರುನಾರು.

ಮೈಸಿಸ್ ತಿನ್ನೋದು ಒಳ್ಳೇದೇ, ಅದನ್ನೇ ದಾರಿ ಮಾಡಿಕೊಳ್ಳಿ. ಸ್ಪಿರುಲಿನಾ ಪುಡಿಯಲ್ಲಿ ಹೊರಳಿಸಿ ಕೊಡಿ. ದಿನಕ್ಕೆ ಮೂರು ಸಲ, ಪ್ರತಿ ಸಲ ಎರಡು ನಿಮಿಷದಲ್ಲಿ ಮುಗಿಯುವಷ್ಟು. ಹಸಿ ಉಲ್ವಾ ಅಥವಾ ಗ್ರಾಸಿಲೇರಿಯಾ ಕಡಲಪಾಚಿ ಸಿಕ್ರೆ ನೋರಿಗಿಂತ ಬೇಗ ಬಾಯಿ ಹಾಕುತ್ತೆ.

ಎದುರಿನಿಂದ ನೋಡಿ. ಹೊಟ್ಟೆ ಎರಡೂ ಕಡೆ ಒಳಕ್ಕೆ ಸೆಳೆದುಕೊಂಡಿದ್ರೆ ಹಸಿದಿದೆ ಅಂತ. ಬೆನ್ನಿನ ಮೇಲ್ಭಾಗ, ಕಣ್ಣಿನ ಹಿಂದೆ ಕುಳಿ ಬಿದ್ದಿದ್ರೆ ಅದು ತುಂಬಾ ದಿನದ ಹಸಿವು, ಕಾಪರ್ ಇಳಿಸೋದನ್ನ ಯೋಚಿಸಬೇಕು.

#21 · ಬಂಡೆಸಂದಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ವ್ಯಾಲೆಂಟಿನಿ ಪಫರ್ ಅಂತ ಬಂದ ಮೀನೊಂದಿದೆ. ಬಿಳಿ ಮೈ, ಬೆನ್ನ ಮೇಲೆ ನಾಲ್ಕು ಕಪ್ಪು ತಡಿಪಟ್ಟೆ. ಆದರೆ ಬಸವನಹುಳು ಹಾಕಿದರೆ ಮುಟ್ಟಲ್ಲ. ಇದೂ ವೇಷವಾ?

#22 · ಕಿವಿರು

ಇರಬಹುದು. ಕ್ಯಾಂತಿಗ್ಯಾಸ್ಟರ್ ವ್ಯಾಲೆಂಟಿನಿಯ ಮೈಯಲ್ಲಿ ವಿಷ ಇದೆ, ಅದರ ವೇಷ ಹಾಕುವುದು ಪ್ಯಾರಾಲೂಟೆರೆಸ್ ಪ್ರಯೋನ್ಯೂರಸ್ ಎಂಬ ಫೈಲ್‌ಫಿಶ್. ಎರಡೂ 11 ಸೆಂ.ಮೀ. ಆಸುಪಾಸು, ಪಟ್ಟೆಯೂ ಒಂದೇ ಥರ.

ಹಿಂಭಾಗದ ರೆಕ್ಕೆ ನೋಡಿ. ಪಫರ್‌ನದು ಬೀಸಣಿಗೆಯಂಥ ಪುಟ್ಟ ರೆಕ್ಕೆ, ಬಾಲದ ಹತ್ತಿರ ಒಂದೇ ಕಡೆ ಎದ್ದು ನಿಂತಿರುತ್ತದೆ, ಸುಮಾರು 9 ಕಡ್ಡಿ. ಫೈಲ್‌ಫಿಶ್‌ನದು ಬೆನ್ನಿನ ಹಿಂದರ್ಧ ಪೂರ್ತಿ ಹರಡಿದ ಅಂಚು, 25ಕ್ಕಿಂತ ಹೆಚ್ಚು ಕಡ್ಡಿ, ಅಲೆಯಂತೆ ಸದಾ ಮಿಡಿಯುತ್ತಿರುತ್ತದೆ. ಅದಕ್ಕೆ ಕಣ್ಣಿನ ಮೇಲೆ ಮಡಚಿಡುವ ಒಂದು ಮುಳ್ಳೂ ಉಂಟು, ಸಾಮಾನ್ಯವಾಗಿ ಮಲಗಿಸಿಯೇ ಇರುತ್ತದೆ.

ಫೈಲ್‌ಫಿಶ್ ಆದರೆ ಚಿಪ್ಪಿನ ಆಹಾರಕ್ಕೆ ಹಟ ಬೇಡ, ಸಣ್ಣ ತುಂಡು ಮೈಸಿಸ್ ದಿನಕ್ಕೆ ನಾಲ್ಕೈದು ಸಲ. ಪಫರ್ ಆದರೆ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಯಲು ಚಿಪ್ಪು ಬೇಕೇ ಬೇಕು. ಮಿಕ್ಕದ್ದಕ್ಕೆ ಬೇರೆ ಎಳೆ ತೆರೆಯಿರಿ, ಫೋಟೋ ಸಮೇತ.

#23 · ಅಲೆಗಣ್ಣು

ವೇಷದವರ ಪಟ್ಟಿಗೆ ಇನ್ನೊಂದು: ಬೇರೆ ಮೀನುಗಳ ಮೈಯ ಪರಾವಲಂಬಿ ಹೆಕ್ಕಿ ತಿನ್ನೋ ಕ್ಲೀನರ್ ರಾಸ್ ಅಂತ ಬರೋ ಆಸ್ಪಿಡಾಂಟಸ್ ಬ್ಲೆನ್ನಿ. ರಾಸ್‌ಗೆ ಬಾಯಿ ಮೂತಿಯ ತುದಿಯಲ್ಲಿ, ಬ್ಲೆನ್ನಿಗೆ ಮೂತಿಯ ಕೆಳಗೆ. ಬ್ಲೆನ್ನಿ ಬೇರೆ ಮೀನಿನ ರೆಕ್ಕೆ ಕಚ್ಚಿ ಓಡುತ್ತೆ.

#24 · ಉಪ್ಪುನೀರು

ಪೈಪಿಗೆ ಸುತ್ತಿದ ನೋರಿ ತಿನ್ನುತ್ತಿದೆ. ಅಂಚಿನಲ್ಲಿ ಅರ್ಧಚಂದ್ರಗಳು ಸ್ಪಷ್ಟ. ದಿನಕ್ಕೆ ಎರಡು ಬೆಂಕಿಪೊಟ್ಟಣದಷ್ಟು ಮುಗಿಯುತ್ತಿದೆ. ಕಾಪರ್ 11ನೇ ದಿನ, 2.25.

ಒಂದು ಅನುಮಾನ. 30 ದಿನ ಆದ ಮೇಲೆ ಕಾಪರ್ ತೆಗೆಯಲು ಕಾರ್ಬನ್ (ಹೀರಿಕೊಳ್ಳುವ ಇದ್ದಿಲು) ಹಾಕಬಹುದಲ್ಲ?

#25 · ಸಂಪ್‌ಮೇಷ್ಟ್ರು

ಹಾಕಬಹುದು. ಮೊದಲು ಅರ್ಧ ನೀರು ಬದಲಿಸಿ, ಆಮೇಲೆ ಕಾರ್ಬನ್. ಕರಿನೀರು ನಿಲ್ಲುವ ತನಕ ಆರ್‌ಒ ನೀರಲ್ಲಿ ತೊಳೆದೇ ಹಾಕಿ. ಟ್ಯಾಂಗ್‌ಗಳ ತಲೆಯಲ್ಲೂ ಮೈಯ ಪಕ್ಕಗೆರೆಯಲ್ಲೂ ಗುಳಿ ಬೀಳುವ ಕಾಯಿಲೆ ಇದೆಯಲ್ಲ, ಓಷನ್ ಸರ್ಜನ್ ಮೀನುಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಿಗ್ನೈಟ್ ಕಾರ್ಬನ್ ಬಳಸಿದ ಟ್ಯಾಂಕ್‌ಗಳಲ್ಲಿ ಅದು ಕಾಣಿಸಿಕೊಂಡಿತು. ಪುಡಿ ಉದುರದ ಗಟ್ಟಿ ಗುಳಿಗೆ ಆರಿಸಿ, ಎರಡು ದಿನದಲ್ಲಿ ತೆಗೆದುಬಿಡಿ.

ಹೊಸ ಉಪ್ಪುನೀರಿನ ಲೆಕ್ಕ: ಪುಡಿಯಲ್ಲಿ ಒಂದಿಷ್ಟು ತೇವ ಸೇರಿರುತ್ತದೆ, ಹಾಗಾಗಿ 35 ಪಿಪಿಟಿಗೆ ಲೀಟರ್‌ಗೆ 35 ಗ್ರಾಂ ಸಾಲದು, 37ರ ಆಸುಪಾಸು ಬೇಕು. 40 ಲೀಟರ್‌ಗೆ ಸುಮಾರು ಒಂದೂವರೆ ಕೆ.ಜಿ. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ನೀರಿಗಲ್ಲ, 35 ಪಿಪಿಟಿ ದ್ರಾವಣಕ್ಕೆ ಹೊಂದಿಸಿ. ಸೊನ್ನೆಯಲ್ಲಿ ಸರಿ ಇದ್ದು 35ರಲ್ಲಿ ಎರಡು ಪಾಯಿಂಟ್ ತಪ್ಪುವ ಮೀಟರ್‌ಗಳಿವೆ.

#26 · ಉಪ್ಪುನೀರು

ಕಾಪರ್ 30 ದಿನ, ಪ್ರಾಜಿ ಎರಡು ಸುತ್ತು ಮುಗಿಯಿತು. ಮೈ ಮೇಲೆ ಚುಕ್ಕೆ ಇಲ್ಲ. ಈಗ 6.5 ಸೆಂ.ಮೀ. ಮೀನನ್ನು ತೆಗೆದುಕೊಳ್ಳುವವರ ಟ್ಯಾಂಕ್ 200 ಸೆಂ.ಮೀ. ಉದ್ದ, ಅಲ್ಲಿ ಈಗಾಗಲೇ ಒಂದು ಯೆಲ್ಲೋ ಟ್ಯಾಂಗ್ ಇದೆ. ಹಿಡಿಯುವುದು, ಕಳಿಸುವುದು, ಬಿಡುವುದು ಹೇಗೆ?

#27 · ಕಿವಿರು

ಬಲೆ ಬೇಡ. ಬಾಲದ ಮುಳ್ಳು ದಾರಕ್ಕೆ ಸಿಕ್ಕಿಕೊಂಡು ಮೀನು ಒದ್ದಾಡುತ್ತದೆ, ಬಿಡಿಸಲು ಹೋದ ಬೆರಳೂ ಕುಯ್ಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಮುಳುಗಿಸಿ, ನೋರಿ ಸುತ್ತಿದ ಅದೇ ಪೈಪನ್ನು ಒಳಗಿಡಿ. ಒಳಗೆ ಹೋದಾಗ ಬಾಯಿ ಮುಚ್ಚಿ ನೀರು ಸಮೇತ ಎತ್ತಿ.

ದಾರಿ ದೂರವಾದರೆ, ಅಲ್ಲಿ ತಲುಪಿದ ಮೇಲೆ ಗಂಟೆಗಟ್ಟಲೆ ಹನಿಹನಿ ನೀರು ಬೆರೆಸುವುದು ಬೇಡ. ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಅಷ್ಟು ಹೊತ್ತು ನಿರಪಾಯ ರೂಪದಲ್ಲಿರುತ್ತದೆ. ಚೀಲ ತೆರೆದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಎರಡೂ ಕಡೆ ಉಪ್ಪು 35 ಪಿಪಿಟಿ ಮಾಡಿಕೊಂಡಿರಿ. ಮುಚ್ಚಿದ ಚೀಲವನ್ನು 20 ನಿಮಿಷ ತೇಲಿಸಿ, ತೆರೆದು, ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ.

ಯೆಲ್ಲೋ ಟ್ಯಾಂಗ್ ಇದೆ ಅಂದಿರಿ. ಅದೂ ಹಳದಿ, ಇದೂ ಹಳದಿ, ಅದು ಹಳೆ ಮನೆಯೊಡೆಯ. ಹೊಡೆಯುವುದು ಖಂಡಿತ. ತೂತು ಕೊರೆದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ತೂಗುಹಾಕಲು ಹೇಳಿ. ಹಳೆಯದು ಪೆಟ್ಟಿಗೆಗೆ ಬಾಲ ಬೀಸುವುದು ನಿಲ್ಲಿಸಿದ ಮೇಲೆ, ಲೈಟ್ ಆರಿಸಿ ಬಿಡಲಿ. ಟ್ಯಾಂಕಿನ ಎರಡು ತುದಿಗೂ ಒಂದೊಂದು ನೋರಿ ಕ್ಲಿಪ್, ಒಂದೇ ಕಡೆ ಬೇಡ.

#28 · ನೋರಿಕ್ಲಿಪ್

ಪೈಪನ್ನೂ ಜೊತೆಗೆ ಕಳಿಸಿ ಸರ್. ಹೊಸ ಜಾಗದಲ್ಲಿ ಅದನ್ನು ಕಂಡ್ರೆ ಮೊದಲ ದಿನವೇ ತಿನ್ನುತ್ತೆ.

#29 · ಸಂಪ್‌ಮೇಷ್ಟ್ರು

ಅದು ಕಾಪರ್ ಟ್ಯಾಂಕಿನ ಪೈಪು! ಅಲ್ಲಿ ಹವಳ, ಸೀಗಡಿ ಇದ್ದರೆ ಬೇಡವೇ ಬೇಡ. ಹೊಸ ತುಂಡು ಅದೇ ಅಳತೆಗೆ ಕುಯ್ದು, ಅದೇ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿ ಕೊಡಿ.

#30 · ಉಪ್ಪುನೀರು

ಅಲ್ಲಿ ಸೀಗಡಿ ಇವೆ. ಹೊಸ ಪೈಪ್ ಕುಯ್ದಾಯಿತು, 15 ಸೆಂ.ಮೀ., ಎರಡು ಕಪ್ಪು ಬ್ಯಾಂಡ್. ಚೀಲದ ಮೇಲೆ "ಅಕಾಂತೂರಸ್ ಪೈರೊಫೆರಸ್, ಮರಿ" ಅಂತ ಬರೆದಿದ್ದೇನೆ.